ಬೆವರಿಗೆ ಎಚ್ಚರಾದ ದೀಪ

ಕಾಗದದ ಬ್ಯಾಟರಿ ಕೆಲಸದಲ್ಲಿ ಮೊದಲ ಪಾಠವೇ ಗ್ಲೌಸ್. ಒಣಗಿರುವವರೆಗೆ ಅದು ಬರೀ ಕಾಗದ. ಕೈಬೆವರಿನಷ್ಟು ತೇವ ತಾಗಿದರೆ ಸಾಕು, ಒಳಗಿನ ಉಪ್ಪು ಕರಗಿ ಕರೆಂಟ್ ಹರಿಯುತ್ತದೆ. ಒಮ್ಮೆ ಎಚ್ಚರಾದದ್ದನ್ನು ಮತ್ತೆ ಮಲಗಿಸಲು ಯಾರಿಂದಲೂ ಆಗದು.

ಮಲೇಷ್ಯಾದ ಪೆನಾಂಗಿನ ಆ ಪುಟ್ಟ ಲ್ಯಾಬಿನಲ್ಲಿ ಸುರಾಯಾಗೆ ಇದನ್ನು ಕಲಿಸಿದವನೇ ಲುಕ್ಮಾನ್. ಈಗ ನೋಡಿದರೆ ಅವನ ಟ್ರೇಯಲ್ಲೇ, ಕಾಗದಗಳಿಗೆ ಅಂಟಿಸಿದ ಪರೀಕ್ಷೆಯ ಕೆಂಪು ದೀಪಗಳು ಮಿಣಮಿಣ ಉರಿಯುತ್ತಿವೆ!

"ಗ್ಲೌಸ್ ಎಲ್ಲಿ, ಮೇಷ್ಟ್ರೇ?"

"ಮರೆತೆ."

"ನೀವಾ? ಮರೆಯೋದಾ?"

ಅವನು ತಲೆ ಎತ್ತಲಿಲ್ಲ. "ನಾಳೆ ನಿಮ್ಮನೆಗೆ ಅಲೋರ್ ಸೆತಾರ್ ಊರಿನವರು ಹೆಣ್ಣು ಕೇಳೋಕೆ ಬರ್ತಾರಂತೆ."

ಬೆಳಗಿನಿಂದ ಸುರಾಯಾಗೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಒಳ್ಳೆಯ ಮನೆತನ ಎನ್ನುತ್ತಾಳೆ ಅಮ್ಮ. ಬೇಡ ಎನ್ನಬೇಕಾದರೆ ಬೇರೊಂದು ಹೆಸರು ಹೇಳಬೇಕು. ಆ ಹೆಸರಿನವನು ಬಾಯಿ ಬಿಟ್ಟರೆ ತಾನೇ!

"ಬರ್ತಾರೆ. ಅದಕ್ಕೆ ನಿಮಗೇನು?"

"ನನಗೇನು, ಏನಿಲ್ಲ" ಎಂದ. ಅಷ್ಟರಲ್ಲಿ ಅವನ ಬೆರಳ ಸಂದಿಯಲ್ಲಿದ್ದ ಹೊಸ ಕಾಗದವೂ ದೀಪ ಹೊತ್ತಿಸಿಕೊಂಡಿತು.

ಇಬ್ಬರೂ ಅದನ್ನೇ ನೋಡಿದರು. ಸುರಾಯಾ ತುಟಿ ಕಚ್ಚಿದಳು, ತಡೆಯಲಾಗದೆ ನಕ್ಕುಬಿಟ್ಟಳು.

"ಏಸಿ ಇಷ್ಟು ತಣ್ಣಗಿದೆ. ಏನೂ ಇಲ್ಲದೋರ ಕೈ ಹೀಗೆ ಬೆವರುತ್ತಾ?"

"ನಗಬೇಡಿ ಸುರಾಯಾ." ಅವನು ಆ ಕಾಗದವನ್ನೂ ಟ್ರೇಗೆ ಹಾಕಿದ. "ನಾನೇ ಬಂದು ಕೇಳೋ ಹಾಗಿಲ್ಲ, ಹಿರಿಯರು ಬರಬೇಕು. ನನಗೆ ಅಪ್ಪ ಅಮ್ಮ ಇಲ್ಲ. ಇರೋದು ಬೀದಿಲಿ ಅಪಮ್ ಸುಟ್ಟು ಮಾರೋ ಚಿಕ್ಕಮ್ಮ ಒಬ್ಬಳೇ. ಅವಳು ನಿಮ್ಮನೆ ಮೆಟ್ಟಿಲು ಹತ್ತಿ, ಬರಿಗೈಲಿ ಇಳಿದರೆ?"

ಕಿಟಕಿಯಾಚೆ ಮಧ್ಯಾಹ್ನದ ಬಾಂಗು ಶುರುವಾಯಿತು. ಅದು ಮುಗಿಯುವವರೆಗೂ ಅವನ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. ಅವಳು ಹಿಜಾಬಿನ ಅಂಚು ಸರಿಮಾಡಿದಳು. ಸರಿಯಿದ್ದದ್ದನ್ನೇ ಮತ್ತೆ ಸರಿಮಾಡಿದಳು.

"ಚಿಕ್ಕಮ್ಮನಿಗೆ ಇವತ್ತೇ ಬರೋಕೆ ಹೇಳಿ" ಎಂದಳು ಮೆಲ್ಲಗೆ. "ವೀಳ್ಯದ ತಟ್ಟೆ ಇಲ್ಲದಿದ್ರೂ ಪರವಾಗಿಲ್ಲ. ಅಮ್ಮ ನನ್ನ ಮನಸ್ಸು ಕೇಳ್ತಾಳೆ. ಏನು ಹೇಳಬೇಕು ಅಂತ ನನಗೆ ಗೊತ್ತು."

"ಅಂದ್ರೆ... ಒಪ್ಪಿಗೆನಾ?"

"ಅಯ್ಯೋ, ಮೇಷ್ಟ್ರಿಗೆ ಎಲ್ಲಾ ಬಿಡಿಸಿ ಹೇಳಬೇಕಾ! ಹೋಗಿ, ಹೊತ್ತಾಗುತ್ತೆ."

ಮೆಟ್ಟಿಲ ಮೇಲೆ ದಡದಡ ಹೆಜ್ಜೆ, ಕೆಳಗೆ ಬೈಕಿನ ಸದ್ದು. ಸುರಾಯಾ ಕಿಟಕಿಯ ಹತ್ತಿರ ಸುಳಿಯಲಿಲ್ಲ. ಸುಳಿದರೆ ಅವನ ಹಿಂದೆಯೇ ಓಡಿಬಿಟ್ಟೇನು ಎಂದು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು ನಿಂತಳು.