ಚಿಕ್ಕ ಟ್ಯಾಂಕಿನ ನೀರು

ನನ್ನ ಗ್ಯಾರೇಜಿನ ಷಟರ್ ಮೇಲೆ ಕಬ್ಬಿಣದ ರಾಡು ಬಿತ್ತು.

ಒಂದು. ಎರಡು. ಮೂರನೆಯ ಏಟಿಗೆ ಬೀಗದ ಕೊಂಡಿ ಬಾಗಿತು.

ನಾನು ಕದಲಲಿಲ್ಲ. ಧೈರ್ಯ ಅಂತ ತಿಳಿಯಬೇಡಿ. ಕದಲುವಂತಿರಲಿಲ್ಲ, ಅಷ್ಟೆ. ಹೈಬ್ರಿಡ್ ಕಾರಿನ ಬ್ಯಾಟರಿಯಿಂದ ಮೇನ್ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದಿದ್ದೆ. ಪ್ಲಗ್ ಕಿತ್ತ ಮೇಲೂ ಬಾನೆಟ್ಟಿನೊಳಗೆ ಹತ್ತು ನಿಮಿಷ ಕರೆಂಟು ಉಳಿದಿರುತ್ತದೆ, ಅಲ್ಲಿವರೆಗೆ ಕಾರು ಬಿಟ್ಟು ಹೋಗುವಂತಿಲ್ಲ. ಐನೂರು ವೋಲ್ಟು. ಮುಟ್ಟಿದರೆ ‘ಅಮ್ಮಾ’ ಅನ್ನಲೂ ಪುರುಸೊತ್ತು ಸಿಗುವುದಿಲ್ಲ.

ಆರು ನಿಮಿಷ ಕಳೆದಿತ್ತು.

ಬೆಳಗ್ಗೆ ಒಂಬತ್ತೂವರೆ. ಹನ್ನೆರಡಕ್ಕೆ ಈ ಕಾರು ಗುಡ್ಡದ ಮೇಲಿನ ಸಾರಿಗೆ ಕಚೇರಿಯ ಅಂಗಳದಲ್ಲಿರಬೇಕು. ಇಲ್ಲದಿದ್ದರೆ ನನ್ನ ಭಾವ ಜೈಲಿನಲ್ಲಿರುತ್ತಾನೆ.

ಭಾವ ಟ್ಯಾಕ್ಸಿ ಕಂಪನಿಯೊಂದರ ಡ್ರೈವರ್. ಇಪ್ಪತ್ತು ವರ್ಷದಲ್ಲಿ ಒಂದು ನಾಯಿಗೂ ತಾಗಿಸಿದವನಲ್ಲ. ಹೋದ ತಿಂಗಳು ಗುಡ್ಡ ಹತ್ತುವಾಗ ಇದೇ ಕಾರು ತಿರುವಿನಲ್ಲಿ ಸತ್ತ ಹಾಗೆ ನಿಂತಿತು. ಎದುರಿಂದ ಬಂದ ಲಾರಿ ಪಕ್ಕೆಗೆ ಗುದ್ದಿತು. ಒಳಗಿದ್ದ ಮೇಷ್ಟರೊಬ್ಬರ ಕಾಲು ಹೋಯಿತು.

ಕಂಪನಿ ವರದಿ ಬರೆಯಿತು: ಎಂಜಿನ್ ಕಾದು ಕೆಂಪು ದೀಪ ಉರಿಯುತ್ತಿದ್ದರೂ ಡ್ರೈವರ್ ನಿಲ್ಲಿಸಲಿಲ್ಲ. ಭಾವ ಹೇಳಿದ್ದು ಒಂದೇ ಮಾತು. ಕೆಂಪು ದೀಪ ಬರಲೇ ಇಲ್ಲ.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿಣಿ ನಮಗೊಂದು ಅವಕಾಶ ಕೊಟ್ಟರು. ನಿಮ್ಮ ಕಡೆಯ ಮೆಕ್ಯಾನಿಕ್ ನೋಡಲಿ, ಇವತ್ತು ಹನ್ನೆರಡರೊಳಗೆ ಕಾರು ತಂದು ತೋರಿಸಲಿ. ತಪ್ಪಿದರೆ ಕಂಪನಿಯ ವರದಿಯೇ ಕೊನೆ.

ಊರಿನ ಟೋಯಿಂಗ್ ಗಾಡಿಗಳೆಲ್ಲ ಕಂಪನಿಯವೇ. ಅಂದರೆ ಕಾರು ತನ್ನ ಕಾಲ ಮೇಲೆ ತಾನೇ ಒಂಬತ್ತು ಕಿಲೋಮೀಟರ್ ಹತ್ತಬೇಕು.

ಆ ಮೆಕ್ಯಾನಿಕ್ ನಾನು.

ಏಳು ಗಂಟೆಗೇ ಸ್ಕ್ಯಾನರ್ ಹಾಕಿ ಒಂದು ಸುತ್ತು ಓಡಿಸಿದ್ದೆ. ಎಂಜಿನ್ ನೀರು ಎಂಬತ್ತೆಂಟು ಡಿಗ್ರಿ. ಮಗುವಿನ ಹಣೆಯಷ್ಟು ಆರೋಗ್ಯ. ಆದರೆ ಹೈಬ್ರಿಡ್ ಕಾರಿನಲ್ಲಿ ನೀರಿನ ದಾರಿ ಎರಡು. ದೊಡ್ಡ ಟ್ಯಾಂಕು ಎಂಜಿನ್‌ಗೆ. ಚಿಕ್ಕದು ಇನ್ವರ್ಟರ್‌ಗೆ, ಅಂದರೆ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹದ ಮಾಡಿ ಕೊಡುವ ಡಬ್ಬಿಗೆ. ಅದರ ಅಂಕಿ ನೋಡಿದೆ. ಅರವತ್ತು... ಎಂಬತ್ತು... ನೂರಾ ಹತ್ತು. ಎಳೆತ ಫಟ್ಟನೆ ಹೋಗಿ ಕಾರು ನಿಂತಿತು.

ಕೆಂಪು ದೀಪ ಬರಲಿಲ್ಲ. ಅದು ಎಂಜಿನ್ ನೀರಿನ ದೀಪ. ಭಾವ ಸುಳ್ಳು ಹೇಳಿರಲಿಲ್ಲ.

ಹೇಗೋ ತಳ್ಳಿಕೊಂಡು ತಂದೆವು, ನಾನೂ ಅಕ್ಕನೂ. ಚಿಕ್ಕ ಟ್ಯಾಂಕಿನ ಮುಚ್ಚಳ ತೆಗೆದೆ. ಪಂಪು ಓಡುವಾಗ ಒಳಗಿನ ನೀರು ಅಲುಗಬೇಕು. ಇದು ಸತ್ತ ಕೊಳ. ಉದ್ದ ಸ್ಕ್ರೂಡ್ರೈವರ್ ಪಂಪಿಗೆ ಆನಿಸಿ ಹಿಡಿಯನ್ನು ಕಿವಿಗೆ ಒತ್ತಿದೆ. ಗುಂಯ್ ಅಂತಿತ್ತು. ಪಂಪು ತಿರುಗುತ್ತಿದೆ, ನೀರು ಹೋಗುತ್ತಿಲ್ಲ. ಕೆಳಗಿನ ಪೈಪು ಬಿಚ್ಚಿದೆ. ಬಂದದ್ದು ನೀರಲ್ಲ. ಕಂದು ಬಣ್ಣದ ಗಸಿ, ನೆನೆದ ರಟ್ಟಿನ ಹಾಗೆ. ಒಂದು ಬಾಟಲಿಗೆ ಹಿಡಿದಿಟ್ಟೆ.

ಲೀಕ್ ಪುಡಿ, ನೀರಿಗೆ ಸುರಿದರೆ ಸೋರುವ ತೂತು ಮುಚ್ಚುವಂಥದ್ದು.

ನನಗೆ ಅದರ ವಾಸನೆ ಗೊತ್ತು. ಮೂರು ವರ್ಷ ಆ ಕಂಪನಿಯ ವರ್ಕ್‌ಶಾಪಿನಲ್ಲಿದ್ದೆ. ಒಂದು ಕಾರಿಗೆ ಹದಿನೆಂಟು ನಿಮಿಷ, ಅದು ಅಲ್ಲಿನ ಕಾನೂನು. ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಹದಿನೆಂಟು ನಿಮಿಷ ಸಾಲದು. ಪುಡಿ ಸುರಿಯಲು ಅರ್ಧ ನಿಮಿಷ ಸಾಕು. ದಪ್ಪ ರೇಡಿಯೇಟರಿನಲ್ಲಿ ನಡೆಯುತ್ತಿತ್ತು. ಹೈಬ್ರಿಡ್ ಬಂದವು. ಟ್ಯಾಂಕು ಎರಡಾಯಿತು, ಬುದ್ಧಿ ಒಂದೇ ಉಳಿಯಿತು. ಚಿಕ್ಕದಕ್ಕೂ ಸುರಿದರು. ಇನ್ವರ್ಟರ್ ಒಳಗಿನ ದಾರಿ ಹುಲ್ಲುಕಡ್ಡಿಯಷ್ಟು ಸಣ್ಣದು. ಬೇಡ ಎಂದು ನಾನು ಜಗಳ ತೆಗೆದ ದಿನವೇ ಹೊರಗೆ ಹಾಕಿದರು.

ಷಟರ್ ಎದ್ದಿತು. ಇಬ್ಬರು. ಮುಂದಿನವನಿಗೆ ಕುತ್ತಿಗೆಯೇ ಇರಲಿಲ್ಲ. ತಲೆ ನೇರ ಭುಜದ ಮೇಲೆ ಕೂತಿತ್ತು. ಊರೆಲ್ಲ ಅವನನ್ನು ಗೂಟ ಅನ್ನುತ್ತದೆ. ಕಂಪನಿಯ ಕಾರು ಎಳೆದು ತರುವುದು ಅವನ ಕಸುಬು.

ಅವನ ಕಣ್ಣು ಮೊದಲು ಗಸಿ ತುಂಬಿದ ಬಾಟಲಿಯ ಮೇಲೆ ಬಿತ್ತು. ಒದ್ದ. ಬಾಟಲಿ ಒಡೆದು ನನ್ನ ಸಾಕ್ಷಿ ಚರಂಡಿ ಸೇರಿತು. ಆಮೇಲೆ ಬಾನೆಟ್ಟಿನತ್ತ ಕೈ ಚಾಚಿದ.

“ಮುಟ್ಟಣ್ಣ,” ಎಂದೆ. “ಆ ಕಿತ್ತಳೆ ಕೇಬಲ್ಲೇ ಹಿಡ್ಕೋ.”

ಕೈ ಗಾಳಿಯಲ್ಲೇ ನಿಂತಿತು.

“ಏನಿದೆ ಅದ್ರಲ್ಲಿ?”

“ನಾನ್ಯಾಕೆ ಮೊಣಕೈವರೆಗೂ ರಬ್ಬರ್ ಗ್ಲೌಸ್ ಹಾಕಿದೀನಿ ಅಂದ್ಕೊಂಡೆ? ಮದುವೆಗೆ ಹೊರಟಿದೀನಾ?”

ಅವನು ಗ್ಲೌಸ್ ನೋಡಿದ. ಪ್ಲಗ್ ನೋಡಿದ. ನಿಜ ಹೇಳುತ್ತೇನೆ, ಆಗ ಎಂಟು ನಿಮಿಷವಾಗಿತ್ತು. ಒಳಗೆ ಎಷ್ಟು ಕರೆಂಟು ಉಳಿದಿತ್ತೋ ನನಗೂ ಗೊತ್ತಿರಲಿಲ್ಲ.

ಗೂಟ ಕೈ ಹಿಂತೆಗೆದ. ಫೋನಿನಲ್ಲಿ ಮ್ಯಾನೇಜರ್ ಜೊತೆ ಗುಸುಗುಸು ಮಾಡಿದ. ಈ ಕಾರು ಹೇಗೂ ಓಡಲ್ಲ, ಹನ್ನೆರಡರವರೆಗೆ ಬಾಗಿಲು ಕಾದರೆ ಸಾಕು ಎಂದು ಅಪ್ಪಣೆಯಾಗಿರಬೇಕು. ಜೀಪನ್ನು ಗೇಟಿಗೆ ಅಡ್ಡ ನಿಲ್ಲಿಸಿ ಇಬ್ಬರೂ ಹೊರಗೆ ಕೂತರು.

ಹತ್ತು ನಿಮಿಷ ತುಂಬಿತು. ಮೀಟರ್ ಹಿಡಿದೆ. ಸೊನ್ನೆ.

ಇನ್ನು ಕೆಲಸ.

ಹಳೆ ಪಂಪು ಬಿಚ್ಚಿದೆ. ನಲ್ಲಿಯ ಪೈಪನ್ನು ಇನ್ವರ್ಟರಿಗೆ ಹಿಂದುಮುಂದಾಗಿ ಕೊಟ್ಟೆ, ನೀರು ಬರುವ ದಾರಿಯಿಂದಲ್ಲ, ಹೋಗುವ ದಾರಿಯಿಂದ. ಅಕ್ಕ ನಲ್ಲಿ ಹಿಡಿದಳು. ಮೊದಲು ಹನಿ. ಆಮೇಲೆ ಕಂದು ದಾರ. ಆಮೇಲೆ ಮುದ್ದೆ ಮುದ್ದೆಯಾಗಿ ಬಂತು. ನೀರು ತಿಳಿಯಾಗಲು ನಲವತ್ತು ನಿಮಿಷ. ಅಷ್ಟು ಹೊತ್ತೂ ಅಕ್ಕ ತುಟಿ ಬಿಚ್ಚಲಿಲ್ಲ. ಅವಳು ಸುಮ್ಮನಿದ್ದರೆ ನನಗೆ ಭಯ.

ಗುಜರಿ ಕಾರಿನಿಂದ ಬಿಚ್ಚಿಟ್ಟಿದ್ದ ಪಂಪು ಕೂರಿಸಿದೆ. ಪ್ಲಗ್ ಹಾಕಿದೆ. ಹೊಸ ಕೂಲೆಂಟ್ ತುಂಬಿ ಪಂಪು ಓಡಿಸಿದೆ. ಗುಳುಗುಳು ಎಂದು ಗಾಳಿ ಬಂತು. ಪೈಪು ಹಿಸುಕಿದೆ, ಮತ್ತೆ ತುಂಬಿದೆ, ಮತ್ತೆ ಹಿಸುಕಿದೆ. ಕೊನೆಗೆ ಚಿಕ್ಕ ಟ್ಯಾಂಕಿನ ನೀರು ಅಲುಗಿತು. ಸಣ್ಣಗೆ, ಕುದಿ ಬರುವ ಮುಂಚಿನ ಹಾಲಿನ ಹಾಗೆ.

ಹನ್ನೊಂದೂವರೆ.

ಅಕ್ಕ ಸೆರಗು ಸಿಕ್ಕಿಸಿಕೊಂಡು ಮುಂಬಾಗಿಲಿಗೆ ಹೋದಳು. ಗೂಟನ ಇಡೀ ವಂಶವನ್ನು ಹೆಸರು ಹಿಡಿದು ಕರೆಯತೊಡಗಿದಳು. ನಮ್ಮಕ್ಕ ಬಾಯಿ ಬಿಟ್ಟರೆ ಊರ ಕಾಗೆಗಳೂ ಕೂತು ಕೇಳುತ್ತವೆ. ಹಿಂದಿನ ಗಲ್ಲಿಯ ಬಾಗಿಲು ನಾನು ತೆಗೆದದ್ದು ಯಾರಿಗೂ ಕೇಳಿಸಲಿಲ್ಲ.

ಹೈಬ್ರಿಡ್ ಕಾರಿನ ಒಂದು ಒಳ್ಳೆಯ ಗುಣ ಹೇಳಲೇ? ಬ್ಯಾಟರಿ ಮೇಲೆ ಹೊರಟರೆ ಅದಕ್ಕೆ ಸದ್ದೇ ಇಲ್ಲ. ಬೆಕ್ಕು ಅಡುಗೆಮನೆಯಿಂದ ಜಾರುವ ಹಾಗೆ ಜಾರಿದೆ.

ಗುಡ್ಡದ ಬುಡದಲ್ಲಿ ಕನ್ನಡಿ ನೋಡಿದೆ. ಜೀಪು.

ತುಳಿದೆ. ಸ್ಕ್ಯಾನರ್ ಡ್ಯಾಶ್‌ಬೋರ್ಡಿನ ಮೇಲಿತ್ತು, ಇನ್ವರ್ಟರಿನ ಬಿಸಿ ತೋರಿಸುತ್ತ. ನಲವತ್ತೆಂಟು... ಐವತ್ತಾರು... ಅರವತ್ತೆರಡು. ಬಂಪರಿಗೆ ಡಿಕ್ಕಿ ಬಿತ್ತು. ಅರವತ್ತೊಂಬತ್ತು. ಭಾವನ ಕಾರು ನಿಂತ ತಿರುವು ಎದುರಿಗೇ ಬಂತು. ಜೀಪು ಪಕ್ಕಕ್ಕೆ ಬಂದು ನನ್ನನ್ನು ಕಣಿವೆಯತ್ತ ಒತ್ತಿತು. ಎಪ್ಪತ್ತೆಂಟು. ಎಂಬತ್ನಾಲ್ಕು!

ಪೈಪಿನಲ್ಲಿ ಎಲ್ಲೋ ಒಂದು ಗುಳ್ಳೆ ಗಾಳಿ ಉಳಿದಿದೆ. ದಾಟು ತಾಯಿ... ದಾಟು.

ಬ್ರೇಕ್ ಒತ್ತಿದೆ. ಒತ್ತುತ್ತಿದ್ದ ಜೀಪಿಗೆ ಆಸರೆ ತಪ್ಪಿತು. ಮುಂದೆ ನುಗ್ಗಿ, ಕಣಿವೆಗೆ ಬೀಳದಂತೆ ಗಕ್ಕನೆ ತಿರುಗಿ, ಒಳಬದಿಯ ಮೋರಿಗೆ ಮೂಗು ತುರುಕಿ ನಿಂತಿತು. ಗೂಟ ಬಾಗಿಲು ತೆಗೆದು ಏನೋ ಕೂಗಿದ. ನಾನು ಅಂಕಿಯನ್ನೇ ನೋಡುತ್ತಿದ್ದೆ.

ಎಂಬತ್ತು. ಎಪ್ಪತ್ತೊಂದು. ಅರವತ್ತನಾಲ್ಕು.

ಅಂಕಿ ಅಲ್ಲೇ ನಿಂತಿತು, ಮೇಲಿನವರೆಗೂ.

ಹನ್ನೆರಡಕ್ಕೆ ನಾಲ್ಕು ನಿಮಿಷವಿತ್ತು. ಅಂಗಳದ ಬೆಂಚಿನ ಮೇಲೆ ಭಾವ ಅಂಗಿಯ ಗುಂಡಿಯನ್ನು ಬಿಚ್ಚುತ್ತ, ಹಾಕುತ್ತ ಕೂತಿದ್ದ. ಅಧಿಕಾರಿಣಿ ಕನ್ನಡಕ ಏರಿಸಿ ಹೊರಗೆ ಬಂದರು. ಅವರ ಹಿಂದೆ ಮ್ಯಾನೇಜರ್, ಇಸ್ತ್ರಿ ಮಾಡಿದ ನಗು ಹೊತ್ತು. ನಾನು ಗಸಿ ಮೆತ್ತಿದ ಹಳೆ ಪಂಪನ್ನು ಮೇಜಿನ ಮೇಲಿಟ್ಟು ಕಂಡದ್ದನ್ನೆಲ್ಲ ಹೇಳಿದೆ.

ಆತ ಪಂಪಿನ ಕಡೆ ನೋಡಲೂ ಇಲ್ಲ. ಇಂಥವು ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ ಎಂದ. ಆಮೇಲೆ ಕಾರಿನ ಬೆನ್ನು ತಟ್ಟಿದ.

“ಮೇಡಂ, ಗುಡ್ಡ ಹತ್ತಿ ಬಂದಿದೆ ನೋಡಿ. ಇಷ್ಟು ಚೆನ್ನಾಗಿ ಓಡೋ ಗಾಡೀಲಿ ದೋಷ ಎಲ್ಲಿಂದ ಬಂತು?”

ರಿಪೇರಿ ಮಾಡದಿದ್ದರೆ ಕಾರು ಬರುತ್ತಿರಲಿಲ್ಲ. ಮಾಡಿದ್ದಕ್ಕೆ ದೋಷವೇ ಮಾಯ. ಭಾವ ತಲೆ ತಗ್ಗಿಸಿದ.

ತಗ್ಗಿಸಿದ ತಲೆ ನೋಡಿದರೆ ನನಗೆ ಆಗುವುದಿಲ್ಲ.

“ನೀವು ಯಾವುದ್ರಲ್ಲಿ ಬಂದ್ರಿ, ಸರ್?”

ಆತನ ಕಾರು ನೆರಳಿನಲ್ಲಿ ನಿಂತಿತ್ತು. ಅದೇ ಮಾಡೆಲ್, ಅದೇ ಬಣ್ಣ, ಅದೇ ವರ್ಕ್‌ಶಾಪು. ಅಧಿಕಾರಿಣಿಯ ಅನುಮತಿ ಕೇಳಿದೆ. ಅವರು ಮ್ಯಾನೇಜರಿಗೆ ಕಾರು ಆನ್ ಮಾಡಿ ಬಾನೆಟ್ ತೆಗೆಯಲು ಹೇಳಿದರು. ಬಟ್ಟೆ ಸುತ್ತಿ ಚಿಕ್ಕ ಟ್ಯಾಂಕಿನ ಮುಚ್ಚಳ ಬಿಚ್ಚಿದೆ. ಪಂಪು ಓಡುತ್ತಿತ್ತು. ನೀರು ಅಲುಗಿಯೂ ಅಲುಗದಂತಿತ್ತು. ಮೇಲೆ ಕಂದು ಕೆನೆ ಕಟ್ಟಿತ್ತು.

ಬೆರಳಲ್ಲಿ ಒಂದಿಷ್ಟು ತೆಗೆದು ಹಳೆ ಪಂಪಿನ ಬಾಯಿಯ ಪಕ್ಕ ಬಳಿದೆ. ಒಂದೇ ಬಣ್ಣ.

ಹೊಸ ಗಾಡಿಗಳಲ್ಲಿ ಇದೆಲ್ಲ ಮಾಮೂಲು, ಇದರಿಂದ ಏನೂ ಆಗುವುದಿಲ್ಲ ಎಂದ ಮ್ಯಾನೇಜರ್. ನನ್ನ ಕಡೆ ತಿರುಗಿ, ನಾಳೆಯಿಂದ ನಿನ್ನ ಷಟರ್ ಏಳಲ್ಲ ಎಂದು ಹಲ್ಲಿನ ಸಂದಿಯಲ್ಲಿ ಹೇಳಿದ. ನಿಮ್ಮವರು ಆಗಲೇ ಬಗ್ಗಿಸಿದಾರೆ, ಬಾಗಿಲು ತೆರೆದೇ ಇದೆ, ಬನ್ನಿ ಎಂದೆ.

ಅಧಿಕಾರಿಣಿ ಪೆನ್ನಿನ ಮುಚ್ಚಳ ತೆಗೆದರು.

“ಏನೂ ಆಗಲ್ಲ ಅಂತೀರಿ?”

“ಏನೂ ಆಗಲ್ಲ, ಮೇಡಂ.”

“ಒಳ್ಳೇದು. ಒಂದ್ಸಲ ಕೆಳಗಿಳಿದು, ಮೇಲೆ ಹತ್ತಿ ಬನ್ನಿ. ನಾನಿಲ್ಲೇ ನಿಂತಿರ್ತೀನಿ. ಬಂದ್ಮೇಲೆ ಬರೀತೀನಿ.”

ಮ್ಯಾನೇಜರ್ ಕೀಲಿ ಕೈಯಲ್ಲಿ ಹಿಡಿದು ಕಾರು ನೋಡಿದ. ರಸ್ತೆ ನೋಡಿದ. ಬರುವಾಗ ಅವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಿತ್ತು. ಬಾಗಿಲಿನ ಹಿಡಿಯವರೆಗೆ ಹೋದ ಕೈ ವಾಪಸು ಬಂದು ಜೇಬು ಸೇರಿತು.

ಅಧಿಕಾರಿಣಿ ಕಂಪನಿಯ ವರದಿಯ ಮೇಲೆ ಉದ್ದಕ್ಕೊಂದು ಗೆರೆ ಎಳೆದರು. ಡ್ರೈವರ್ ತಪ್ಪಿಲ್ಲ ಎಂದು ಕೆಳಗೆ ಬರೆದು ಸಹಿ ಹಾಕಿದರು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, ಬಸ್‌ಸ್ಟಾಪ್ ಯಾವ ಕಡೆ ಎಂದು ಎದುರಿಗಿದ್ದವನನ್ನು ಕೇಳಿದ. ಎದುರಿಗಿದ್ದವನು ಭಾವ.

ಇಪ್ಪತ್ತು ವರ್ಷದ ಡ್ರೈವರ್. ದಾರಿ ಸರಿಯಾಗಿಯೇ ತೋರಿಸಿದ.