ನನ್ನ ತಪ್ಪು ನನಗೇ ಬೇಕು

"ಇಳಿ ಕೆಳಗೆ."

ಬಾಗಿಲು ಕಿತ್ತು ಬರುವ ಹಾಗೆ ಎಳೆದು, ಹಾರಾಟ ಕಲಿಸುವ ಅವಳ ಗುರು ಮೊದಲು ಹೇಳಿದ್ದು ಅಷ್ಟೇ. ಪುಟ್ಟ ತರಬೇತಿ ವಿಮಾನ ಮುಂದಿನ ಚಕ್ರ ಮುರಿದುಕೊಂಡು ರನ್‌ವೇ ಮೇಲೆ ಮೂಗು ಊರಿತ್ತು. ಒಬ್ಬಳೇ ಹಾರಿಸಿದ್ದ ಅವಳ ಹಣೆಯಲ್ಲಿ ರಕ್ತ.

"ನೆಲಕ್ಕೆ ತಾಗಿ ಪುಟಿದರೆ ಪವರ್ ಕೊಟ್ಟು ಮತ್ತೆ ಮೇಲಕ್ಕೆ ಹೋಗು ಅಂತ ಎಷ್ಟು ಸಲ ಹೇಳಿದ್ದೆ? ವಿಮಾನದ ಮೂಗು ಯಾಕೆ ಕೆಳಕ್ಕೆ ಒತ್ತಿದೆ?"

ನೋವಾಯಿತಾ ಅಂತ ಒಂದು ಮಾತಿಲ್ಲ... ಇವನಿಗೆ ವಿಮಾನವೇ ಹೆಚ್ಚು. ಅವಳ ಮೈ ಉರಿಯಿತು.

ಎರಡು ದಿನ ಅವನು ಫೋನ್ ಕೂಡ ಮಾಡಲಿಲ್ಲ. ಮೂರನೇ ದಿನ ಆಫೀಸಿನ ಗುಮಾಸ್ತೆ ಸುದ್ದಿ ಕೊಟ್ಟಳು: 'ಒಬ್ಬಳೇ ಹಾರಲು ಸಿದ್ಧಳಿರಲಿಲ್ಲ' ಅಂತ ಗುರುಗಳು ರಿಪೋರ್ಟ್ ಬರೆದಿದ್ದಾರಂತೆ.

ಅಂದರೆ ತನ್ನ ಹಾರಾಟ ಮುಗಿಯಿತು. ಮುಗಿಸಿದವನು ಇವನೇ!

ಅವಳು ವಿಮಾನ ನಿಲ್ಲಿಸುವ ಹ್ಯಾಂಗರ್‌ಗೆ ನುಗ್ಗಿದಾಗ ಅವನು ಮುರಿದ ಚಕ್ರದ ಪಕ್ಕ ಕೂತಿದ್ದ. ಅವಳು ಬಾಯಿಗೆ ಬಂದದ್ದೆಲ್ಲ ಅಂದಳು. ಎಲ್ಲ ಮುಗಿಯುವ ತನಕ ಕಾದ ಮೆಕ್ಯಾನಿಕ್, ಎಲ್ಲರೂ ಗ್ರೀಸ್ ಮಾವ ಅಂತ ಕರೆಯುವವನು, ರಿಪೋರ್ಟಿನ ಪ್ರತಿ ಅವಳ ಕೈಗಿಟ್ಟ. ಬೈಯೋದಿದ್ದರೆ ಪೂರ್ತಿ ಓದಿ ಬೈಯಮ್ಮ, ಅರ್ಧಕ್ಕೆ ಬೈದರೆ ಶಕ್ತಿ ದಂಡ ಅಂದ.

ರಿಪೋರ್ಟಿನ ಕೊನೆಗೆ ಹೀಗಿತ್ತು: 'ಗೊತ್ತಿದ್ದೂ ಕಳಿಸಿದ್ದು ನಾನು. ತಪ್ಪು ಪೂರ್ತಿ ನನ್ನದು.'

ಕೋಪ ಇಳಿಯಬೇಕಿತ್ತು. ಎರಡರಷ್ಟಾಯಿತು.

"ಸುಳ್ಳು. ನಾನು ಸಿದ್ಧಳಿದ್ದೆ ಅಂತ ನಿನಗೆ ಗೊತ್ತು."

'ಸರ್' ಹೋಗಿ 'ನೀನು' ಬಂದದ್ದು ಗ್ರೀಸ್ ಮಾವನಿಗೆ ಮಾತ್ರ ಕೇಳಿಸಿತು. ಅವನು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಆಚೆ ಹೋದ.

"ನಿನ್ನ ತಪ್ಪು ಅಂತಾದರೆ ನಿನ್ನನ್ನ ಕೋರ್ಸ್‌ನಿಂದ ತೆಗೀತಾರೆ," ಅಂದ ಚಕ್ರದ ಪಕ್ಕ ಕೂತಿದ್ದವನು.

"ನಿನ್ನದು ಅಂತಾದರೆ ನಿನ್ನ ಕೆಲಸ ಹೋಗುತ್ತೆ. ಗಾಬರಿಯಾಗಿ ಮೂಗು ಒತ್ತಿದ್ದು ನಾನು. ನನ್ನ ತಪ್ಪು ನನಗೇ ಬೇಕು. ಅದನ್ನೂ ನೀನೇ ಇಟ್ಕೊಂಡರೆ ನಾನು ಕಲಿಯೋದು ಯಾವುದರಿಂದ?"

ಅಲ್ಲೇ ಎಂಜಿನ್ ಪೆಟ್ಟಿಗೆ ಮೇಲೆ ಹಾಳೆಯಿಟ್ಟು ನಡೆದದ್ದನ್ನು ನಡೆದ ಹಾಗೇ ಬರೆದಳು. ಸಹಿ ಹಾಕಿ ಆಫೀಸಿಗೆ ಒಯ್ದಳು.

ತರಬೇತಿ ಶಾಲೆಯ ಮುಖ್ಯ ಅಧಿಕಾರಿಣಿ ಎರಡೂ ಹಾಳೆ ಓದಿದರು. ಸುಳ್ಳು ಬರೆದದ್ದಕ್ಕೆ ಅವನಿಗೆ ಚೆನ್ನಾಗಿ ಉಗಿದು, ಇನ್ನು ಇವಳಿಗೆ ನೀನು ಕಲಿಸುವ ಹಾಗಿಲ್ಲ ಎಂದರು. ಅವಳು ಇನ್ನೊಬ್ಬರ ಜೊತೆ ಹತ್ತು ಸಲ ಸರಿಯಾಗಿ ಇಳಿಸಿ ತೋರಿಸಬೇಕು. ಆಮೇಲೆ ಮತ್ತೆ ಒಬ್ಬಳೇ ಹಾರಬಹುದು. ತನ್ನ ತಪ್ಪು ತಾನೇ ಬರೆದುಕೊಡುವವರು ಸಿಗೋದು ಕಷ್ಟ, ಇಂಥವಳನ್ನ ಕಳಕೊಳ್ಳಲ್ಲ ಅಂದರು.

ಹೊರಗೆ ಬಂದಮೇಲೂ ಅವಳ ಮುಖ ಸಡಿಲವಾಗಿರಲಿಲ್ಲ.

"ಈಗ ನಾನು ನಿನ್ನ ಶಿಷ್ಯೆ ಅಲ್ಲ. ನನಗೋಸ್ಕರ ಸುಳ್ಳು ಯಾಕೆ ಬರೆದೆ, ಹೇಳು. ಬೇಗ. ಕೋಪ ಇನ್ನೂ ಇದೆ ನನಗೆ."

ಅವನು ನೆಲ ನೋಡಿದ.

"ನೀನು ಒಬ್ಬಳೇ ಹಾರಿದಾಗೆಲ್ಲ ಉಸಿರು ಹಿಡಿದು ನಿಂತಿರ್ತೀನಿ. ಬೇರೆ ಯಾರು ಹಾರಿದರೂ ನನಗೆ ಹಾಗಾಗಲ್ಲ... ನಿನ್ನನ್ನ ಪ್ರೀತಿಸ್ತೀನಿ."

"ಮುಂದೆಯೂ ಒಬ್ಬಳೇ ಹೋಗ್ತೀನಿ."

"ಹೋಗು. ನಿಂತಿರ್ತೀನಿ."

ಅವಳು ಅವನ ಕಾಲರ್ ಹಿಡಿದು ಹತ್ತಿರಕ್ಕೆ ಎಳೆದಳು.

"ತುಂಬಾ ಹೊತ್ತು ಉಸಿರು ಹಿಡಿಬೇಡ. ಇಳಿದ ಮೇಲೆ ನೀನು ಬೇಕು ನನಗೆ."