ಪಾರ್ಕಿಂಗಿಗೊಬ್ಬ ಅಪ್ಪ

ಊರಿನ ಅರ್ಧ ಜನರ ಬೆನ್ನಿಗೆ ಮೆತ್ತೆ ಹೊಲಿದುಕೊಟ್ಟವನಿಗೆ ಬೆನ್ನು ಚಾಚಲು ಜಾಗವಿಲ್ಲ ಎಂದರೆ ಯಾರು ನಂಬುತ್ತಾರೆ? ಹಾಗಾಗಿ ಕುಶನ್ ಅದನ್ನು ಯಾರಿಗೂ ಹೇಳಿರಲಿಲ್ಲ. ಸೋಫಾ ರಿಪೇರಿ ಅಂಗಡಿ ಇದ್ದಾಗ ಗಿರಾಕಿಗಳು ಇಟ್ಟ ಹೆಸರು ಅದು. ಮಾಲೀಕ ಕಟ್ಟಡ ಕೆಡವಿದ. ಕೆಳಗಿನ ಅಂಗಡಿಯ ಜೊತೆ ಅವನು ವಾಸವಿದ್ದ ಮೇಲಿನ ರೂಮೂ ಹೋಯಿತು. ಉಳಿದದ್ದು ಹೆಸರು ಮತ್ತು ಒಂದು ಹಳೆಯ ವ್ಯಾನು. ಅದರ ಹಿಂಬದಿಯಲ್ಲಿ ಹೊಲಿಗೆ ಮೆಷಿನ್ನು, ಸ್ಪಂಜಿನ ತುಂಡುಗಳು, ಅವುಗಳ ನಡುವೆ ಅಡ್ಡಲಾಗಿ ಅವನು.

ವ್ಯಾನಿನಲ್ಲಿ ಮಲಗುವುದು ಕಷ್ಟವಲ್ಲ, ಅದನ್ನು ನಿಲ್ಲಿಸುವುದು ಕಷ್ಟ. ಮಾರುಕಟ್ಟೆಯ ಹಿಂದೆ ನಿಲ್ಲಿಸಿದರೆ ಲಾರಿಯವರು ಬಾನೆಟ್ಟಿನ ಮೇಲೇ ಮೂಟೆ ಇಳಿಸುತ್ತಿದ್ದರು. ದೊಡ್ಡವರ ಬಡಾವಣೆಯಲ್ಲಿ ವಾಕಿಂಗ್ ಹೊರಟ ಅಂಕಲ್‌ಗಳು ಗಾಜಿಗೆ ಮೂಗು ಒತ್ತಿ ಇಣುಕುತ್ತಿದ್ದರು. ಪಾರ್ಕಿನ ಇಳಿಜಾರಿನಲ್ಲಿ ಮಲಗಿ ರಕ್ತವೆಲ್ಲ ತಲೆಗಿಳಿದು, ಎದ್ದಾಗ ಅವನ ಮುಖ ಟೊಮೆಟೊ ಆಗಿರುತ್ತಿತ್ತು. ಮರದಡಿ ನಿಲ್ಲಿಸಿದಾಗ ಕಾಗೆಗಳು ಬಿಡಿಗಾಸು ಕೇಳದೆ ವ್ಯಾನಿಗೆ ಸುಣ್ಣ ಬಳಿದವು. ಪೆಟ್ರೋಲ್ ಬಂಕಿನ ಹತ್ತಿರ ಪೊಲೀಸಿನವನು ಬಾಗಿಲು ಬಡಿದು, "ಯಾಕಪ್ಪಾ, ಮನೆ ಮಠ ಇಲ್ವಾ?" ಎಂದಾಗ, "ಇದೆ ಸಾರ್. ಹೆಂಡ್ತಿ ಜೊತೆ ಜಗಳ," ಎಂದುಬಿಟ್ಟ. ಹೆಂಡತಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಬದುಕಿದ್ದಾಗ ಒಂದು ಮಾತು ಎತ್ತಿ ಆಡದವಳನ್ನು ಸತ್ತ ಮೇಲೆ ಜಗಳಗಂಟಿ ಮಾಡಿದೆನಲ್ಲ ಎಂದು ಮರುದಿನವೆಲ್ಲ ತನ್ನನ್ನೇ ಬೈದುಕೊಂಡ.

ಅದಕ್ಕಿಂತ ದೊಡ್ಡ ಸುಳ್ಳನ್ನು ಪ್ರತಿ ವಾರ ಫೋನಿನಲ್ಲಿ ಹೇಳುತ್ತಿದ್ದ.

"ಅಪ್ಪಾ, ಹೊಸ ರೂಮು ಹೇಗಿದೆ?" ಬೇರೆ ಊರಿನಲ್ಲಿದ್ದ ಮಗಳು ಕೇಳುತ್ತಿದ್ದಳು.

"ಗಾಳಿ ಬೆಳಕಿಗೆ ಏನೂ ಕಮ್ಮಿ ಇಲ್ಲಮ್ಮ. ನಾಲ್ಕೂ ಕಡೆ ಕಿಟಕಿ."

"ಹಾಗಾದ್ರೆ ರಜಕ್ಕೆ ಪಾಪೂನ ಕರ್ಕೊಂಡು ಬರ್ತೀನಿ. ಅಲ್ಲೇ ನಾಲ್ಕು ದಿನ ಇರ್ತೀವಿ."

"ಬಾಮ್ಮ," ಎಂದ. ಬೇರೇನು ಹೇಳಲು ಬರುತ್ತದೆ?

ಆಸ್ಪತ್ರೆಯ ಪಾರ್ಕಿಂಗ್ ಜಾಗ ಕಣ್ಣಿಗೆ ಬಿದ್ದದ್ದು ಆಮೇಲೆ. ಸಮತಟ್ಟು ನೆಲ, ದೀಪ, ಕಾವಲು, ನಲ್ಲಿ, ಶೌಚಾಲಯ. ಗಾಡಿಯಲ್ಲಿ ಮಲಗಿದವನನ್ನು ಇಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ; ಪಾಪ, ಒಳಗೆ ಯಾರೋ ಇದ್ದಾರೆ ಅಂದುಕೊಳ್ಳುತ್ತಾರೆ. ಆದರೆ ಗೇಟಿನವನು ಪಾಸ್ ಕೇಳುತ್ತಿದ್ದ. ಪಾಸ್ ಬೇಕಾದರೆ ರೋಗಿ ಬೇಕು, ರೋಗಿಗೆ ತಾನು ಏನಾದರೂ ಆಗಿರಬೇಕು.

ಕ್ಯಾಂಟೀನಿನಲ್ಲಿ ಇಬ್ಬರು ನರ್ಸ್‌ಗಳ ಮಾತು ಕಿವಿಗೆ ಬಿತ್ತು. ರಸ್ತೆಬದಿಯಲ್ಲಿ ಬಿದ್ದಿದ್ದ ತಾತನನ್ನು ಯಾರೋ ತಂದು ಸೇರಿಸಿದ್ದಾರೆ. ಜ್ಞಾನ ಇದ್ದೂ ಇಲ್ಲದ ಹಾಗೆ, ಬಾಯಲ್ಲಿ ಮಾತಿಲ್ಲ. ಮೈಮೇಲೆ ಇಸ್ತ್ರಿ ಅಂಗಿ ಇದೆ, ಹುಡುಕಿಕೊಂಡು ಬಂದವರು ಮಾತ್ರ ಒಬ್ಬರೂ ಇಲ್ಲ.

ಕುಶನ್ ಚಹಾ ಆರಿಹೋಗುವವರೆಗೂ ಕೂತು ಯೋಚಿಸಿದ. ಡಾಕ್ಟರ್ ತಾತನ ಹಳೆ ಕಾಯಿಲೆ ಕೇಳಿದರೆ? "ಅಪ್ಪ ನನ್ನ ಜೊತೆ ಮಾತು ಬಿಟ್ಟು ಮನೆ ಬಿಟ್ಟಿದ್ರು." ಇಷ್ಟು ದಿನ ಯಾಕೆ ಬರಲಿಲ್ಲ ಎಂದರೆ? ಅದಕ್ಕೂ ಅದೇ ಉತ್ತರ. ಒಂದೇ ಹೊಲಿಗೆಯಲ್ಲಿ ಎಲ್ಲ ಹರಕೂ ಮುಚ್ಚಿತು. ಸ್ವಂತದವರು ಬಂದರೆ ಹಿಂದಿನ ಮೆಟ್ಟಿಲಿದೆ. ಕೌಂಟರಿನಲ್ಲಿ ತಾತನ ಹೆಸರು ಕೇಳಿದಾಗ ಮಾತ್ರ ಒಂದು ಗಳಿಗೆ ತಡವರಿಸಿ, ತನ್ನ ಸ್ವಂತ ಅಪ್ಪನ ಹೆಸರನ್ನೇ ಕೊಟ್ಟ. ಪಾಸ್ ಕೈಗೆ ಬಂತು, ಅದರ ಜೊತೆ ಒಂದು ನಾಚಿಕೆಯೂ ಮೈಗಂಟಿತು.

ಪ್ರತಿ ಸಂಜೆ ವಾರ್ಡಿಗೆ ಹೋಗಿ ತಾತನ ಪಕ್ಕ ಕೂರುತ್ತಿದ್ದ. ಮಗ ಅಂದಮೇಲೆ ಕೂರಬೇಕಲ್ಲ. ಮುಖ ಒರೆಸುತ್ತಿದ್ದ, ಹೊದಿಕೆ ಸರಿಮಾಡುತ್ತಿದ್ದ. ಅಷ್ಟುದ್ದ ಮಂಚವಿದ್ದರೂ ತಾತ ಮೊಣಕಾಲು ಎದೆಗೆ ಮಡಚಿಕೊಂಡು ಒಂದು ಮಗ್ಗುಲಿಗೆ ಮುದುಡಿರುತ್ತಿದ್ದ. ಎಳೆದು ನೇರ ಮಾಡಿದರೆ ಮತ್ತೆ ಮಡಚಿಕೊಳ್ಳುತ್ತಿದ್ದ. ಹಾಸಿಗೆಯ ಸ್ಪಂಜು ಕಳಪೆ, ಅದಕ್ಕೇ ಹೀಗೆ ಎಂದು ಕುಶನ್ ತೀರ್ಪು ಕೊಟ್ಟ. ಸೋಫಾದ ತಗ್ಗು ನೋಡಿ ಮನೆಯ ಗುಟ್ಟು ಹೇಳುವವನು ಅವನು. ಗಂಡ ಯಾವ ಮೂಲೆಯಲ್ಲಿ ಕೂತು ಟಿವಿ ನೋಡುತ್ತಾನೆ, ಹೆಂಡತಿ ಕೂರುವುದೇ ಇಲ್ಲ ಎನ್ನುವುದೆಲ್ಲ ಅವನಿಗೆ ಬಟ್ಟೆ ಬಿಚ್ಚುವ ಮೊದಲೇ ಗೊತ್ತಾಗುತ್ತಿತ್ತು.

"ಸಿಸ್ಟರ್, ಅಪ್ಪ ಹೇಗಿದ್ದಾರೆ?"

"ಹಾಗೇ ಇದ್ದಾರೆ ಕಣ್ರೀ."

ಆ ಮಾತು ಕೇಳಿದಾಗ ಒಳಗೆಲ್ಲೋ ತಣ್ಣಗಾಗುತ್ತಿತ್ತು. ತಾತ ಸತ್ತರೆ ಪಾಸ್ ಹೋಯಿತು, ಎದ್ದರೂ ಹೋಯಿತು. ಹಾಗೇ ಇರಲಿ. ಒಬ್ಬ ಮನುಷ್ಯನಿಗೆ ತಾನು ಹಾರೈಸುತ್ತಿರುವುದು ಇದನ್ನು ಎಂದು ಹೊಳೆದಾಗಲೆಲ್ಲ ಅವನು ತಾತನ ಮುಖವನ್ನು ಇನ್ನೊಂದು ಸಲ ಒರೆಸುತ್ತಿದ್ದ.

ಒಂದು ಬೆಳಗ್ಗೆ ನರ್ಸ್ ಗೇಟಿನವರೆಗೂ ನಗುತ್ತ ಬಂದಳು. "ನಿಮ್ಮಪ್ಪ ಗಂಜಿ ಕೇಳಿದ್ರು. ಬನ್ನಿ, ಬನ್ನಿ."

ಹಿಂದಿನ ಮೆಟ್ಟಿಲು ನೆನಪಾಯಿತು, ಆದರೆ ಅವಳು ತೋಳು ಹಿಡಿದಿದ್ದಳು. ತಾತ ದಿಂಬಿಗೊರಗಿ ಕೂತಿದ್ದ.

"ತಾತಾ, ಇವರ್ಯಾರು ಗೊತ್ತಾಯ್ತಾ? ದಿನಾ ನಿಮ್ಮ ಕಾಲು ನೀವ್ತಾ ಕೂತಿರ್ತಾರೆ."

ತಾತ ಅಡಿಯಿಂದ ಮುಡಿಯವರೆಗೆ ನೋಡಿದ. ಕುಶನ್‌ನ ಎದೆಯಲ್ಲಿ ಮೆಷಿನ್ನು ಓಡಿತು.

"ಗೊತ್ತಾಗ್ದೆ ಏನು? ನನ್ನ ಮಗ. ಸಣ್ಣೋನಿದ್ದಾಗ್ಲೂ ಹೀಗೇ, ತಪ್ಪು ಮಾಡಿದಾಗ ಬಾಗಿಲ ಹಿಂದೆ ನಿಂತ್ಕೊಳ್ಳೋನು."

ಮುದುಕನ ನೆನಪು ಕಲಸಿಹೋಗಿದೆ, ಕುಶನ್ ಲೆಕ್ಕ ಹಾಕಿದ. ಕೂಡಲೇ ಎರಡನೆಯ ಯೋಚನೆ ಮೊದಲನೆಯದರ ಬೆನ್ನು ಹತ್ತಿತು. ಇಸ್ತ್ರಿ ಅಂಗಿ ಎಂದರೆ ಬೀರು. ಬೀರು ಎಂದರೆ ಗೋಡೆ, ಗೋಡೆ ಎಂದರೆ ಮನೆ. ಹುಡುಕಲು ಯಾರೂ ಬಂದಿಲ್ಲ ಎಂದರೆ ಮನೆ ಖಾಲಿ. ಅಪ್ಪನನ್ನು ಮನೆಗೆ ಕರೆದೊಯ್ಯುವ ಮಗನನ್ನು ಯಾವ ಪೊಲೀಸ್ ತಡೆಯುತ್ತಾನೆ? ಮಗಳು ಬಂದಾಗ, "ಇವರು ಮನೆ ಯಜಮಾನ್ರು," ಎಂದು ತಾತನನ್ನು ತೋರಿಸಿದರಾಯಿತು. ಪಾಪು ಒಂದು ಹಜಾರದಲ್ಲಿ ಓಡಾಡುವುದು ಕಣ್ಣಿಗೇ ಕಟ್ಟಿತು. ಮುದುಕನಿಗೆ ಅನ್ನ ಹಾಕುತ್ತೇನಲ್ಲ, ಇದರಲ್ಲಿ ಮೋಸ ಎಲ್ಲಿ ಬಂತು ಎಂದು ಮನಸ್ಸಿಗೆ ಸಮಾಧಾನ ಹೇಳಿದ. ಮನಸ್ಸು ಕೇಳಲಿಲ್ಲ, ಆದರೂ ಕೈಗಳು, ತಾನು ಮಲಗುವ ಜಾಗ ಕಾಣದ ಹಾಗೆ, ವ್ಯಾನಿನ ಹಿಂಬದಿಗೆ ಪರದೆ ಕಟ್ಟಿದವು.

ಡಿಸ್ಚಾರ್ಜ್ ಆದ ಮಧ್ಯಾಹ್ನ ತಾತನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಗೇಟಿನವನು ಸಲಾಮು ಹೊಡೆದ.

"ಯಾವ ಕಡೆ ಅಪ್ಪಾ?"

"ನಿನ್ನ ಮನೆಗೆ ಅಲ್ವೇನಪ್ಪಾ?"

"ಮೊದ್ಲು ನಿಮ್ಮನೆ ನೋಡ್ಕೊಂಡು ಬರೋಣ. ಎಷ್ಟು ದಿನ ಆಯ್ತು, ಬೀಗ ಗೀಗ ಹೇಗಿದ್ಯೋ."

ತಾತ ಎರಡು ಸಿಗ್ನಲ್ ದಾಟುವವರೆಗೂ ಕಿಟಕಿಯಾಚೆ ನೋಡಿದ. ಆಮೇಲೆ ಬೆರಳು ತೋರಿಸಿದ. ಎಡಕ್ಕೆ, ಸೇತುವೆ ದಾಟಿ ಬಲಕ್ಕೆ, ಮುಚ್ಚಿದ ಗೋಡೌನಿನ ಹಿಂದಿನ ಓಣಿಗೆ. ಓಣಿಯ ಕೊನೆಯಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಗೋಡೆಯ ಬುಡದಲ್ಲಿ ಹುಲ್ಲು ಬೆಳೆಯದ ಉದ್ದನೆಯ ಜಾಗ, ನಡುವೆ ಎಣ್ಣೆಯ ಕಲೆ.

"ಮನೆ ಎಲ್ಲಪ್ಪಾ?"

"ಇಲ್ಲೇ ಇತ್ತು. ನಾಲ್ಕು ಚಕ್ರದ್ದು. ವಾರಸುದಾರ್ರು ಇಲ್ಲ ಅಂತ ಎತ್ಕೊಂಡು ಹೋಗಿರ್ಬೇಕು."

"ಮತ್ತೆ ಆ ಇಸ್ತ್ರಿ ಅಂಗಿ?"

"ಹಾಸಿಗೆ ಅಡಿ ಮಡಚಿಟ್ಟು ಮೇಲೆ ಮಲ್ಕೊಂಡ್ರೆ ಆಯ್ತಪ್ಪಾ, ಇಸ್ತ್ರಿ."

ಕುಶನ್ ಎಂಜಿನ್ ನಿಲ್ಲಿಸಿದ. "ನಾನು ಮಗ ಅಲ್ಲ ಅಂತ ಗೊತ್ತಿತ್ತಾ?"

"ನಾನು ಮದ್ವೇನೇ ಆಗಿಲ್ಲ ಮಾರಾಯ." ತಾತ ತಲೆ ತಗ್ಗಿಸಿದ. "ಅಪ್ಪಾ ಅಂತ ದಿನಾ ಬರ್ತಾನೆ, ಸ್ವಂತ ಗಾಡಿ ಬೇರೆ ಇದೆ. ಮನೆ ಇರೋನು ಅಂದ್ಕೊಂಡೆ. ಒಂದು ಮೂಲೇಲಿ ಬಿದ್ಕೊಂಡಿರೋಣ ಅಂತ ಆಸೆ ಆಯ್ತು. ತಪ್ಪು ತಿಳ್ಕೋಬೇಡ."

ಕುಶನ್ ಕೈ ಚಾಚಿ ಪರದೆ ಸರಿಸಿದ. ತಾತ ಹಿಂದಕ್ಕೆ ತಿರುಗಿ ಮೆಷಿನ್ನು, ಸ್ಪಂಜು, ಸುತ್ತಿಟ್ಟ ಕಂಬಳಿ, ಹಗ್ಗದ ಮೇಲಿನ ಟವೆಲ್ ಎಲ್ಲವನ್ನೂ ನೋಡಿದ. ಅಷ್ಟರಲ್ಲಿ ಮಗಳ ಫೋನು ಬಡಿದುಕೊಂಡು, ಬಡಿದುಕೊಂಡು ಸುಮ್ಮನಾಯಿತು.

"ಜಾಗ ಒಳ್ಳೇದು," ಕೊನೆಗೆ ತಾತನೇ ಹೇಳಿದ. "ಇಲ್ಲಿ ಬಾಗ್ಲು ಬಡಿಯೋರು ಯಾರೂ ಇಲ್ಲ. ಗೋಡೆ ಕಡೆ ಇನ್ನೂ ಒಂಚೂರು ಒತ್ತು." ಕುಶನ್ ಒತ್ತಿ ನಿಲ್ಲಿಸಿದ. ಸುಸ್ತಾಗಿದ್ದ ತಾತ ಮೆಲ್ಲಗೆ ಹಿಂದಕ್ಕೆ ಹತ್ತಿ, ಮೆಷಿನ್ನಿಗೂ ಬಾಗಿಲಿಗೂ ನಡುವೆ ಸ್ಪಂಜಿನ ಮೇಲೆ ಅಡ್ಡಡ್ಡ ಮಲಗಿ, ಮೊಣಕಾಲನ್ನು ಎದೆಗೆ ಮಡಚಿಕೊಂಡ. ಅಳತೆ ತೆಗೆದು ಹೊಲಿದ ಮೆತ್ತೆಯ ಹಾಗೆ ಸರಿಯಾಗಿ ಕೂತಿತು ಮೈ. ಕುಶನ್ ಸೀಟಿನಿಂದ ಅದನ್ನೇ ನೋಡಿದ. ಇಡೀ ಊರಿನ ಸೋಫಾಗಳ ತಗ್ಗು ಓದಿದವನು, ಆರಡಿ ಮಂಚದಲ್ಲಿ ಮೂರಡಿಗೆ ಮಡಚಿಕೊಳ್ಳುತ್ತಿದ್ದ ಈ ಕಾಲುಗಳನ್ನು ಪ್ರತಿ ಸಂಜೆ ತನ್ನ ಕೈಯಾರೆ ನೇರ ಮಾಡಿದ್ದ. ತನ್ನ ಮೊಣಕಾಲೂ ಬೆಳಗ್ಗೆ ಹಾಗೇ ಇರುತ್ತದೆ ಎಂಬುದು ಒಂದು ದಿನವೂ ನೆನಪಾಗಿರಲಿಲ್ಲ.